ತೀರಿದ ದಂಡವೂ ತೀರದ ದೋಷವೂ

ದಂಡವನ್ನು ಅನುಭವಿಸಿದವನ ದೋಷವು ದಂಡದೊಡನೆಯೇ ತೀರುವುದೋ, ಅಥವಾ ಕಡೆಯವರೆಗೂ ಅವನನ್ನು ಹಿಂಬಾಲಿಸುವುದೋ ಎಂಬ ಪ್ರಶ್ನೆ ಬಹು ಹಳೆಯದು. ಅರಸನಿಂದ ಶಿಕ್ಷೆಯನ್ನು ಹೊಂದಿದವರು ನಿರ್ಮಲರಾಗಿ, ಪುಣ್ಯವಂತರಂತೆಯೇ ಸ್ವರ್ಗವನ್ನು ಸೇರುವರೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ಹೇಳುತ್ತದೆ. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯವಾದರೋ, ಗಂಟುಗಳ್ಳನಿಗೆ ಮೊದಲ ಸಲ ಬೆರಳುಗಳನ್ನೂ ಎರಡನೆಯ ಸಲ ಕೈಕಾಲುಗಳನ್ನೂ ಕತ್ತರಿಸಿ, ಮೂರನೆಯ ಸಲಕ್ಕೆ ವಧೆಯನ್ನೇ ವಿಧಿಸುತ್ತದೆ. ಮೊದಲಿನ ದಂಡದಿಂದ ಅವನು ನಿರ್ಮಲನಾದ ಪಕ್ಷದಲ್ಲಿ ಎರಡನೆಯ ಅಪರಾಧವನ್ನು ಎರಡನೆಯದೆಂದು ಎಣಿಸುವುದು ಹೇಗೆ? ಒಂದು ಪರಲೋಕದ ಲೆಕ್ಕ, ಇನ್ನೊಂದು ಇಹಲೋಕದ ರಕ್ಷಣೆ ಎಂದು ಶಾಸ್ತ್ರಜ್ಞರು ಸಮಾಧಾನ ಹೇಳಬಹುದು. ಆದರೂ ತೊಡಕು ಪೂರ್ತಿಯಾಗಿ ಬಿಚ್ಚಿದಂತಾಗುವುದಿಲ್ಲ.

ಈ ತೊಡಕೇ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬೇರೊಂದು ವೇಷವನ್ನು ಧರಿಸಿದೆ. 1989 ರಲ್ಲಿ ಫ್ಲಾರಿಡಾ ಪ್ರಾಂತದ ಮಯಾಮಿಯಲ್ಲಿ ಮಾದಕದ್ರವ್ಯ ನ್ಯಾಯಾಲಯವೆಂಬ ಹೊಸ ಏರ್ಪಾಡು ಆರಂಭವಾಯಿತು. ವ್ಯಸನದ ದೆಸೆಯಿಂದ ಅಪರಾಧಿಯಾದವನನ್ನು ಸೆರೆಮನೆಗೆ ತಳ್ಳುವುದಕ್ಕೆ ಬದಲಾಗಿ, ನ್ಯಾಯಾಧೀಶನ ಕಣ್ಣೆದುರಿನಲ್ಲಿಯೇ ಚಿಕಿತ್ಸೆಗೆ ಒಳಪಡಿಸುವುದು ಅದರ ಕ್ರಮ. ಅವನು ಮತ್ತೆ ಮತ್ತೆ ನ್ಯಾಯಾಸನದ ಮುಂದೆ ನಿಲ್ಲಬೇಕು. ಮುನ್ಸೂಚನೆಯಿಲ್ಲದೆ ಮೂತ್ರಪರೀಕ್ಷೆಗೆ ಒಪ್ಪಬೇಕು. ನಡೆದುಕೊಂಡರೆ ಪ್ರಶಂಸೆ, ತಪ್ಪಿದರೆ ಕೆಲವು ದಿನದ ಸೆರೆ. ಸಾಮಾನ್ಯವಾಗಿ ಒಂದು ವರ್ಷಕ್ಕೂ ಮೀರುವ ಈ ವ್ರತವನ್ನು ಮುಗಿಸಿದವನ ಮೇಲಿನ ಆರೋಪವನ್ನು ಹಲವೆಡೆ ರದ್ದುಮಾಡುವುದುಂಟು. ಸೆರೆಮನೆಯಲ್ಲಿ ಸುಮ್ಮನೆ ದಿನ ಎಣಿಸುವುದಕ್ಕಿಂತ ಇದು ಕಠಿನವೆಂದರೆ ತಪ್ಪಾಗಲಾರದು.

ಆದರೆ ಈ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ಇಂಥ ನ್ಯಾಯಾಲಯಗಳಿಗೆ ಕೇಂದ್ರದ ಧನಸಹಾಯವನ್ನು ಏರ್ಪಡಿಸಿದ 1994 ರ ಶಾಸನವು, ಹಿಂಸಾಪರಾಧಿಗಳನ್ನು ಸೇರಿಸಿಕೊಳ್ಳಕೂಡದೆಂದು ಕಟ್ಟುಮಾಡಿತು. ಈಗಿನ ಆರೋಪದಲ್ಲಿ ಹಿಂಸೆಯ ಸೋಂಕಿಲ್ಲದಿದ್ದರೂ, ಹಿಂದೊಮ್ಮೆ ಘೋರ ಹಿಂಸೆಗಾಗಿ ಶಿಕ್ಷೆಯಾಗಿದ್ದವನು ಆ ವ್ಯಾಖ್ಯೆಯೊಳಗೆ ಬೀಳುವನು. ಅದು ಎಷ್ಟು ವರ್ಷಗಳ ಹಿಂದಿನದೆಂದು ವ್ಯಾಖ್ಯೆ ಕೇಳುವುದಿಲ್ಲ. ಇಪ್ಪತ್ತರ ಹರೆಯದ ಹೊಡೆದಾಟ ನಲವತ್ತೈದರವನ ಚಿಕಿತ್ಸೆಗೆ ಅಡ್ಡಬರುವುದೆಂದರೆ, ರೋಗಿಗೆ ಔಷಧವನ್ನು ಕೊಡುವ ಮುನ್ನ ಅವನ ಹಳೆಯ ಸಾಲಪತ್ರವನ್ನು ತೋರಿಸೆಂದು ಕೇಳಿದಂತಾಯಿತು.

ಆಕ್ಷೇಪಿಸುವವರ ಮಾತನ್ನು ಹಗುರವಾಗಿ ಎಣಿಸಕೂಡದು. ಪೆಟ್ಟು ತಿಂದವನೊಬ್ಬನಿರುವನಷ್ಟೆ, ತನ್ನನ್ನು ಗಾಯಗೊಳಿಸಿದವನು ಬೀದಿಯಲ್ಲಿ ತಿರುಗಾಡುವುದನ್ನು ಅವನು ನೋಡಬೇಕಾಗುವುದು. ಚಿಕಿತ್ಸೆ ಕೈಗೂಡದೆ ಹೋದಲ್ಲಿ ಅದರ ನಷ್ಟವನ್ನು ಹೊರುವವನು ನ್ಯಾಯಾಧೀಶನಲ್ಲ, ಮುಂದೆ ಅವನ ಕೈಗೆ ಸಿಕ್ಕುವ ನಿರಪರಾಧಿ. ಕರುಣೆಯ ಖರ್ಚನ್ನು ಪರರ ಗಂಟಿನಿಂದ ಕೊಡುವುದು ಸುಲಭ. ಈ ಭಯಕ್ಕೆ ಆಧಾರವಿಲ್ಲವೆನ್ನುವವರು ಆ ಬೀದಿಯಲ್ಲಿ ವಾಸಿಸುವವರಾಗಿರಲಾರರು.

ಆದರೆ ಆ ಭಯವು ಸಮರ್ಥಿಸುವುದು ಎಚ್ಚರಿಕೆಯನ್ನು, ವಿಚಾರಿಸದೆಯೇ ಕದವಿಕ್ಕುವುದನ್ನಲ್ಲ. ಬಾಗಿಲಿನಿಂದ ಹಿಂದಿರುಗಿದವನು ಮಾಯವಾಗುವುದಿಲ್ಲ. ಸೆರೆಯ ಅವಧಿ ತೀರಿದೊಡನೆ ಅದೇ ವ್ಯಸನವನ್ನು ಹೊತ್ತು ಅದೇ ಬೀದಿಗೆ ಬರುವನು. ದ್ವೇಷದಿಂದ ಮರಳಿ ಮಾಡುವ ಅಪರಾಧ ಬೇರೆ, ವ್ಯಸನದ ಎಳೆತದಿಂದ ಮರಳಿ ಬೀಳುವುದು ಬೇರೆ. ಈ ಭೇದವನ್ನು ಅರಿಯಲು ಎದುರಿಗೆ ನಿಂತ ಮನುಷ್ಯನನ್ನು ನೋಡಬೇಕು. ದೂರದ ಶಾಸನಸಭೆಯಲ್ಲಿ ಕುಳಿತವರಿಗೆ ಅದು ಅಸಾಧ್ಯ. ನಮ್ಮ ದೇಶದ 1985 ರ ಮಾದಕದ್ರವ್ಯ ಶಾಸನದ 39 ನೆಯ ಪ್ರಕರಣವು ಈ ಅಂಶದಲ್ಲಿ ಹೆಚ್ಚು ವಿವೇಕಯುತವಾಗಿದೆ. ಅಲ್ಪ ಪರಿಮಾಣದ ಅಪರಾಧದಲ್ಲಿ ಸಿಕ್ಕಿದ ವ್ಯಸನಿಯ ವಯಸ್ಸು, ಶೀಲ, ಪೂರ್ವಚರಿತ್ರೆ, ದೇಹ ಮನಸ್ಸುಗಳ ಸ್ಥಿತಿಯನ್ನು ನೋಡಿ, ಅವನ ಸಮ್ಮತಿಯಿಂದ ಚಿಕಿತ್ಸೆಗೆ ಕಳುಹಿಸುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಟ್ಟಿದೆ. ಅಲ್ಲಿ ಪೂರ್ವಚರಿತ್ರೆ ತೂಗಬೇಕಾದ ವಿಷಯಗಳಲ್ಲೊಂದು, ಅಗುಳಿಯಲ್ಲ. ಆ ಅಧಿಕಾರವು ಎಷ್ಟರಮಟ್ಟಿಗೆ ಬಳಕೆಯಾಗುವುದೆಂಬುದು ಬೇರೆ ಮಾತು.

ಇನ್ನೊಂದು ಸಂಶಯ ಉಳಿಯುವುದು. ಸ್ಥಳಗಳು ಮಿತವಾಗಿರುವಾಗ ಹಳೆಯ ಅಪರಾಧಿಗೆ ಕೊಟ್ಟ ಸ್ಥಳವು ಮೊದಲ ಸಲ ಎಡವಿದ ತರುಣನಿಗೆ ತಪ್ಪಿಹೋಗುವುದಲ್ಲವೆ? ಅಮೆರಿಕೆಯ ಈ ನ್ಯಾಯಾಲಯದವರ ಸಂಘವು 2013 ರಲ್ಲಿ ಪ್ರಕಟಿಸಿದ ನಿಯಮಾವಳಿಯು, ಮತ್ತೆ ಬೀಳುವ ಸಂಭವವೂ ಚಿಕಿತ್ಸೆಯ ಅಗತ್ಯವೂ ಹೆಚ್ಚಾಗಿರುವವರಿಗೇ ಈ ಕಠಿನ ಕ್ರಮವು ತಕ್ಕುದೆಂದು ಹೇಳಿತು. ಹೊಸಬನಾದ ತರುಣನಿಗೆ ವಾರವಾರವೂ ನ್ಯಾಯಾಸನದ ಮುಂದೆ ನಿಲ್ಲುವ ಅಗತ್ಯವಿರದು. ವೈದ್ಯನೊಬ್ಬನ ಸಲಹೆ, ಮನೆಯವರ ಕಣ್ಗಾವಲು, ಹಗುರವಾದ ಒಂದು ಮುಚ್ಚಳಿಕೆ, ಇಷ್ಟೇ ಅವನಿಗೆ ಸಾಕಾಗಬಹುದು.