ಕಾಳಿಯ ಕಲ್ಲು, ಉಂಡ ಮನೆಯ ಋಣ

ತಮ್ಮನ ಮಗಳು: ದೊಡ್ಡಪ್ಪ, ನಮ್ಮ ಆತಗೂರಿನ ಶಾಸನಾನ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಲ್ಲಿ ನೋಡಿದೆ. ಕಾಳಿ ಅನ್ನೋ ಬೇಟೆನಾಯಿ ಕಾಡುಹಂದಿ ಜೊತೆ ಕಾದಾಡಿ ಸತ್ತಿದ್ದಕ್ಕೆ ನಿಲ್ಲಿಸಿದ ಕಲ್ಲು. ಎಲ್ಲರೂ ಹೆಮ್ಮೆಪಡ್ತಾರೆ, ನನಗೆ ದಿಗಿಲಾಯ್ತು.

ದೊಡ್ಡಪ್ಪ: ದಿಗಿಲ್ಯಾಕವ್ವ? ಕ್ರಿ.ಶ. 949–50ರ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ನಿಂತ, ಚೋಳ ರಾಜಾದಿತ್ಯ ಸತ್ತ. ಬೂತುಗನ ಕಡೆಯ ಮಣಲೇರನ ಪರಾಕ್ರಮಕ್ಕೆ ದೊರೆ ಮೆಚ್ಚಿ, ಏನು ಬೇಕೋ ಕೇಳು ಅಂದರೆ, ಅವನು ಕೇಳಿದ್ದು ಆ ನಾಯೀನ.

ತಮ್ಮನ ಮಗಳು: ಅನ್ನ ಹಾಕಿದವನಿಗೆ ಪ್ರಾಣ ಕೊಡೋದೇ ಧರ್ಮ ಅನ್ನೋ ಹಾಗೆ ಕಲ್ಲಲ್ಲಿ ಕೊರೆದು ಪೂಜೆಗಿಟ್ಟರು. ಅದು ಆ ಕಾಲಕ್ಕೇ ಮುಗಿದಿದ್ರೆ ಸರಿ. 1974ರಲ್ಲಿ ಉಳುವವನೇ ಹೊಲದೊಡೆಯ ಅಂತ ಕಾನೂನು ಬಂತು. ಏಳನೇ ನಮೂನೆ ಅರ್ಜಿ ಹಾಕಿದ್ರೆ ಗೇಣಿ ಭೂಮಿ ಕೈಗೆ ಬರೋದು. ‘ಧಣಿ ಅನ್ನ ಉಂಡು ಅವರ ಮೇಲೇ ಅರ್ಜಿ ಹಾಕೋದಾ’ ಅಂತ ಸುಮ್ಮನಾದ ಗೇಣಿದಾರರಿದ್ರು.

ದೊಡ್ಡಪ್ಪ: ಇದ್ರು. ಹೆದರಿ ಸುಮ್ಮನಾದೋರೂ ಇದ್ರು. ಋಣ ಅಂತ ಸುಮ್ಮನಾದೋರನ್ನ ನೆನೆಸಿಕೊಂಡರೆ ನನಗೆ ಹೆಚ್ಚು ಸಂಕಟ.

ತಮ್ಮನ ಮಗಳು: ರೇಷನ್ ಅಕ್ಕಿನೂ ಹಾಗೇ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅದು ಹಕ್ಕು. ಚುನಾವಣೇಲಿ ಮಾತ್ರ ‘ಅಕ್ಕಿ ಕೊಟ್ಟಿದ್ದೀವಿ, ಋಣ ತೀರಿಸಿ’ ಅಂತಾರೆ, ನಮ್ಮ ಜನ ತಲೆಯಾಡಿಸ್ತಾರೆ.

ದೊಡ್ಡಪ್ಪ: ಶಾಸನದ ಕೊನೆ ಓದಿದ್ಯಾ? ಕಲ್ಲನ್ನ ಚಲ್ಲೇಶ್ವರನ ಗುಡಿ ಮುಂದೆ ನಿಲ್ಲಿಸಿ, ಎರಡು ಖಂಡುಗ ಭೂಮಿ ಬಿಟ್ರು. ಅಲ್ಲಿನ ಗೊರವ, ಅಂದ್ರೆ ಗುಡಿ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟುತ್ತೆ ಅಂತ ಬರೆಸಿದ್ರು. ದುಡಿದು ಸತ್ತದ್ದು ನಾಯಿ, ಹೊರೆ ಬಿದ್ದಿದ್ದು ಬದುಕಿದ್ದೋರ ಮೇಲೆ. ದುಡಿಸಿಕೊಂಡೋರಿಗೂ ಋಣ ಇತ್ತು.

ತಮ್ಮನ ಮಗಳು: ಆ ಅರ್ಧ ನಮ್ಮ ತನಕ ಯಾಕೆ ಬರಲಿಲ್ಲ?

ದೊಡ್ಡಪ್ಪ: ಮೇಲಿದ್ದೋರಿಗೆ ಬೇಕಾಗಿದ್ದು ಉಂಡ ಮನೆಗೆ ಎರಡು ಬಗೀಬೇಡ ಅನ್ನೋ ಅರ್ಧ. ಅದನ್ನ ಎಲ್ಲರ ಬಾಯಿಗೂ ಹಾಕಿದ್ರು. ಇನ್ನರ್ಧ ಕಲ್ಲಲ್ಲೇ ಉಳೀತು.

ತಮ್ಮನ ಮಗಳು: ಪಾಪಕ್ಕೆ ಹೆದರದ ಗೊರವನನ್ನ ಏನು ಮಾಡ್ತೀರಿ? ಋಣ ಅಂದ್ರೆ ಕೊಡೋನ ಮನಸ್ಸು. ಹಕ್ಕಾದರೆ ಕೋರ್ಟಿಗೆ ಹೋಗಬಹುದು.

ದೊಡ್ಡಪ್ಪ: ಅದಕ್ಕೇ ಕಾನೂನು ಬೇಕು ಕಣವ್ವ, ಒಪ್ಪಿದೆ. ಆದರೆ ಕಾನೂನು ಬಂದ ಮೇಲೂ ಅರ್ಜಿ ಹಾಕದೆ ಕೂತೋರನ್ನ ನೀನೇ ಹೇಳಿದೆ. ನಿನ್ನ ಬೆವರಿನ ಋಣ ಧಣಿ ಮೇಲಿದೆ ಅಂತ ಅವರಿಗೆ ಎಷ್ಟು ಜನ ಹೇಳಿದ್ರು? ಮುಂದೆ ಯಾರಾದ್ರೂ ವೋಟಿಗೆ ಬಂದು ಋಣದ ಮಾತೆತ್ತಿದರೆ ಸುಮ್ಮನಿರಬೇಡಿ. ಕಬ್ಬು ಬೆಳೆದು, ಕೊಂಡ ಸಾಮಾನಿಗೆಲ್ಲ ತೆರಿಗೆ ಕಟ್ಟಿದ ನಮ್ಮ ಋಣ ನೀವು ಯಾವಾಗ ತೀರಿಸ್ತೀರಿ ಅಂತ ಊರ ಮುಂದೆ ನಿಲ್ಲಿಸಿ ಕೇಳಿ.