ಪವಿತ್ರವಾದ ಒಂದು ಕಲಂ

2009ರ ಜೂನ್ 14. ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ಇಟ್ಟನ್‌ವಾಲಿ ಎಂಬ ಹಳ್ಳಿಯ ತೋಟವೊಂದರಲ್ಲಿ ಹೆಂಗಸರು ಫಾಲ್ಸಾ ಬಿಡಿಸುತ್ತಿದ್ದರು. ಫಾಲ್ಸಾ ಎಂದರೆ ಬಟಾಣಿಗಿಂತ ತುಸು ದೊಡ್ಡದಾದ, ಹುಳಿ-ಸಿಹಿ ಬೆರೆತ ಕಡುಗೆಂಪು ಹಣ್ಣು. ಆ ಕಡೆ ಬೇಸಿಗೆಯಲ್ಲಿ ಅದರ ಶರಬತ್ತು ಮಾಡುತ್ತಾರೆ. ನೆತ್ತಿ ಸುಡುವ ಬಿಸಿಲು. ಕೂಲಿಗೆ ಬಂದವರಲ್ಲಿ ಆಸಿಯಾ ಬೀಬಿ ಎಂಬ ಕ್ರೈಸ್ತ ಹೆಂಗಸೂ ಇದ್ದಳು. ಆಕೆ ಕೊಟ್ಟ ನೀರನ್ನು ಜೊತೆಯಲ್ಲಿದ್ದ ಇಬ್ಬರು ಅಕ್ಕತಂಗಿಯರು ಕುಡಿಯಲಿಲ್ಲ. ಕ್ರೈಸ್ತಳು ಮುಟ್ಟಿದ ನೀರು ತಮಗಾಗದು ಎಂದರು. ಮಾತಿಗೆ ಮಾತು ಬೆಳೆಯಿತು. ಐದು ದಿನ ಕಳೆದ ಮೇಲೆ ಊರಿನ ಇಮಾಮ್ ಪೊಲೀಸರಿಗೆ ದೂರು ಕೊಟ್ಟರು: ಆಕೆ ಪ್ರವಾದಿಯನ್ನು ನಿಂದಿಸಿದ್ದಾಳೆ. ದೂರು ಕೊಟ್ಟವರು ಅಂದು ತೋಟದಲ್ಲಿ ಇರಲೇ ಇಲ್ಲ.

ನೀರಿನ ಜಗಳ ಯಾವ ಬೇರಿನಿಂದ ಹುಟ್ಟಿತೆಂದು ಕನ್ನಡದ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಪಂಜಾಬಿನ ಕ್ರೈಸ್ತರಲ್ಲಿ ಬಹುಪಾಲು ಜನ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮತಾಂತರವಾದ ಚೂಹ್ರಾ ಜಾತಿಯವರ ಮೊಮ್ಮಕ್ಕಳು, ಮರಿಮಕ್ಕಳು. ಕಸ ಗುಡಿಸುವ, ಮಲ ಹೊರುವ ಕೆಲಸಕ್ಕೆ ಕಟ್ಟಿಹಾಕಿದ್ದ ಜಾತಿ ಅದು. ದೇವರು ಬದಲಾದ, ಪೊರಕೆ ಕೈ ಬಿಡಲಿಲ್ಲ. ಪೌರಕಾರ್ಮಿಕರ ಹುದ್ದೆಗೆ ಮುಸ್ಲಿಮೇತರರು ಮಾತ್ರ ಅರ್ಜಿ ಹಾಕಬೇಕೆಂಬ ಸರ್ಕಾರಿ ಜಾಹೀರಾತುಗಳು ಅಲ್ಲಿ ಮೊನ್ನೆ ಮೊನ್ನೆಯವರೆಗೂ ಬಂದಿವೆ. ಇಸ್ಲಾಮಿನಲ್ಲಿ ಅಸ್ಪೃಶ್ಯತೆ ಇಲ್ಲ ಎಂಬುದು ಗ್ರಂಥದ ಮಾತು. ತೋಟದಲ್ಲಿ ನಡೆದದ್ದು ಗ್ರಂಥಕ್ಕಿಂತ ಹಳೆಯ ಸಂಗತಿ. ಆದರೆ ಪ್ರಕರಣ ಠಾಣೆಯ ಕಾಗದಕ್ಕೆ ಇಳಿಯುವ ಹೊತ್ತಿಗೆ ನೀರು ಮಾಯವಾಗಿತ್ತು. ಆ ಇಬ್ಬರು ಸಾಕ್ಷಿದಾರರು ಜಗಳದ ಮಾತನ್ನೇ ಎತ್ತಲಿಲ್ಲ. ಉಳಿದದ್ದು ಒಂದು ಕಲಂ ಮಾತ್ರ: ಪಾಕಿಸ್ತಾನ ದಂಡ ಸಂಹಿತೆಯ 295-ಸಿ. 2010ರ ನವೆಂಬರಿನಲ್ಲಿ ನನಕಾನಾ ಸಾಹಿಬಿನ ನ್ಯಾಯಾಲಯ ಆಕೆಗೆ ಗಲ್ಲು ವಿಧಿಸಿತು.

ಈ ಕಲಮಿನ ಜಾತಕ ನೋಡಿದರೆ ಸೋಜಿಗವಾಗುತ್ತದೆ. ಇದರ ಮೂಲ ಕುರಾನಿನಲ್ಲೂ ಅಲ್ಲ, ಹದೀಸಿನಲ್ಲೂ ಅಲ್ಲ. 1860ರಲ್ಲಿ ಬ್ರಿಟಿಷರು ಹಿಂದೂಸ್ತಾನಕ್ಕೆಂದು ಜಾರಿಗೆ ತಂದ ದಂಡ ಸಂಹಿತೆಯಲ್ಲಿ. ಪೂಜಾಸ್ಥಳ ಕೆಡವಬಾರದು, ಪ್ರಾರ್ಥನೆಗೆ ಅಡ್ಡಿ ಮಾಡಬಾರದು, ಬೇಕೆಂದೇ ಇನ್ನೊಬ್ಬರ ಧಾರ್ಮಿಕ ಭಾವನೆ ನೋಯಿಸಬಾರದು ಎಂದಷ್ಟೇ ಅದು ಹೇಳಿತ್ತು. ಎಲ್ಲ ಧರ್ಮಗಳಿಗೂ ಒಂದೇ ಅಳತೆ; ಒಂದೆರಡು ವರ್ಷದ ಸಜೆ. 1920ರ ದಶಕದಲ್ಲಿ ಲಾಹೋರಿನ ಪ್ರಕಾಶಕ ರಾಜ್‌ಪಾಲ್ ಪ್ರವಾದಿಯ ಖಾಸಗಿ ಬದುಕನ್ನು ಗೇಲಿ ಮಾಡುವ ಒಂದು ಪುಸ್ತಿಕೆ ಹೊರತಂದ. ಗಲಭೆಯೆದ್ದಿತು. ಅದನ್ನು ತಣಿಸಲು 1927ರಲ್ಲಿ 295-ಎ ಸೇರಿತು. ಆಗಲೂ ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಮಾಡಿದ್ದಾದರೆ ಮಾತ್ರ ಅಪರಾಧ ಎಂಬ ಬೇಲಿಯಿತ್ತು. ಧರ್ಮವನ್ನು ಪ್ರಾಮಾಣಿಕವಾಗಿ ವಿಮರ್ಶಿಸುವವರಿಗೂ ಚರಿತ್ರೆ ಬರೆಯುವವರಿಗೂ ಈ ಕಾನೂನು ಕಂಟಕವಾಗಬಾರದೆಂದು ಅಂದಿನ ಕೇಂದ್ರ ಶಾಸನಸಭೆಯಲ್ಲಿ ಎಚ್ಚರಿಸಿದವರಲ್ಲಿ ಒಬ್ಬರು ಮಹಮದ್ ಅಲಿ ಜಿನ್ನಾ.

ಬೇಲಿ ಕಿತ್ತವರು ಪಾಕಿಸ್ತಾನದ ಸೇನಾಡಳಿತಗಾರ ಜನರಲ್ ಜಿಯಾ ಉಲ್ ಹಕ್. 1980ರಿಂದ 1986ರ ತನಕ ಒಂದರ ಹಿಂದೊಂದರಂತೆ ಕಲಮುಗಳು ಬಂದವು. 1982ರ 295-ಬಿ ಪ್ರಕಾರ ಕುರಾನಿಗೆ ಅಪಚಾರ ಮಾಡಿದರೆ ಜೀವಾವಧಿ. 1986ರ 295-ಸಿ ಪ್ರಕಾರ ಪ್ರವಾದಿಯನ್ನು ಮಾತಿನಿಂದಾಗಲಿ, ಬರಹದಿಂದಾಗಲಿ, ಸೂಚನೆಯಿಂದಾಗಲಿ, ನೇರವಾಗಿಯೋ ಸುತ್ತುಬಳಸಿಯೋ ಅವಮಾನಿಸಿದರೆ ಮರಣ ಅಥವಾ ಜೀವಾವಧಿ. 1990ರಲ್ಲಿ ಫೆಡರಲ್ ಶರೀಅತ್ ನ್ಯಾಯಾಲಯ ಆ 'ಅಥವಾ'ವನ್ನೂ ತೆಗೆಸಿತು. ಉದ್ದೇಶ ಏನಿತ್ತೆಂದು ಕೇಳುವ ಮಾತೇ ಈ ಕಲಮಿನಲ್ಲಿಲ್ಲ. ಬಾಯಿ ತಪ್ಪಿ ಆಡಿದ್ದಕ್ಕೂ ಬೇಕೆಂದು ಆಡಿದ್ದಕ್ಕೂ ಅಲ್ಲಿ ಭೇದವಿಲ್ಲ.

ಇಷ್ಟಾದರೂ ಈ ಅಪರಾಧಕ್ಕಾಗಿ ಪಾಕಿಸ್ತಾನ ಸರ್ಕಾರ ಈವರೆಗೆ ಒಬ್ಬರನ್ನೂ ಗಲ್ಲಿಗೇರಿಸಿಲ್ಲ. ಕಾನೂನಿನ ಪರವಾಗಿ ಮಾತಾಡುವವರು ಇದನ್ನೇ ಮುಂದಿಡುತ್ತಾರೆ. ನನಗೆ ಕಾಣುವುದು ಬೇರೆ. ಕಲಂ ಕೊಲ್ಲಬೇಕಾದ ಅಗತ್ಯವೇ ಅಲ್ಲಿ ಬೀಳುವುದಿಲ್ಲ. ಯಾರನ್ನು ಕೊಲ್ಲಬಹುದೆಂದು ಬೆರಳು ತೋರಿಸಿದರೆ ಸಾಕು.

ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್ ಜೈಲಿಗೆ ಹೋಗಿ, ಕ್ಯಾಮೆರಾಗಳ ಮುಂದೆ ಆಸಿಯಾಳ ಪಕ್ಕ ಕುಳಿತು, ಕ್ಷಮಾದಾನದ ಅರ್ಜಿಗೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವರು ಪ್ರವಾದಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದು ಕಾನೂನಿನ ಬಗ್ಗೆ: ಇದು ಕರಾಳ ಕಾನೂನು ಎಂದರು. 2011ರ ಜನವರಿ 4ರಂದು ಇಸ್ಲಾಮಾಬಾದಿನ ಕೊಹ್ಸಾರ್ ಮಾರುಕಟ್ಟೆಯಲ್ಲಿ ಅವರ ಅಂಗರಕ್ಷಕ ಮುಮ್ತಾಜ್ ಕಾದ್ರಿಯೇ ಅವರಿಗೆ ಗುಂಡಿಕ್ಕಿದ. ಕೋರ್ಟಿಗೆ ಕರೆತಂದಾಗ ಕರಿಕೋಟಿನ ವಕೀಲರು ಅವನ ಮೇಲೆ ಗುಲಾಬಿ ಪಕಳೆ ಚೆಲ್ಲಿದರು. ತಾಸೀರರ ಶವಸಂಸ್ಕಾರದ ನಮಾಜು ನಡೆಸಲು ಇಮಾಮರನ್ನು ಹುಡುಕುವುದೇ ಕಷ್ಟವಾಯಿತು. ಎರಡು ತಿಂಗಳಲ್ಲಿ, ಕಾನೂನು ಬದಲಾಗಬೇಕೆಂದಿದ್ದ ಅಲ್ಪಸಂಖ್ಯಾತರ ಸಚಿವ ಶಹಬಾಜ್ ಭಟ್ಟಿಯವರನ್ನೂ ಕೊಂದರು.

ಜನರಲ್ ಒಬ್ಬನ ಆಳ್ವಿಕೆಯಲ್ಲಿ, ಇಂಗ್ಲಿಷರ ಸಂಹಿತೆಗೆ ಸೇರಿಸಿದ ಒಂದು ವಾಕ್ಯ ಇಪ್ಪತ್ತೈದು ವರ್ಷದಲ್ಲಿ ಪ್ರವಾದಿಯಷ್ಟೇ ಪವಿತ್ರವಾಯಿತು. ಕಾನೂನನ್ನು ಟೀಕಿಸುವುದೇ ನಿಂದನೆಯಾಯಿತು. ನನ್ನ ಯೋಚನೆ ಮತ್ತೆ ಮತ್ತೆ ಬಂದು ನಿಲ್ಲುವುದು ಇಲ್ಲಿಯೇ. ದೇವರನ್ನು, ದೇವದೂತನನ್ನು ಪವಿತ್ರ ಎನ್ನುವುದು ಶ್ರದ್ಧೆ. ಮನುಷ್ಯರು ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿದ್ದನ್ನು ಪವಿತ್ರ ಎನ್ನುವುದಕ್ಕೆ ಏನು ಹೆಸರಿಡುವುದು? ಇಸ್ಲಾಮಿನ ಮಾತಿನಲ್ಲೇ ಹೇಳುವುದಾದರೆ, ಅಲ್ಲಾಹನಿಗೆ ಸಲ್ಲಬೇಕಾದ್ದನ್ನು ಬೇರೆಯದಕ್ಕೆ ಸಲ್ಲಿಸುವುದು ಶಿರ್ಕ್. ಅದಕ್ಕಿಂತ ದೊಡ್ಡ ಪಾಪ ಆ ಧರ್ಮದಲ್ಲಿಲ್ಲ.

ಒಳಗಿನವರೇ ಇದನ್ನು ಹೇಳದೆ ಇಲ್ಲ. ಉಪಖಂಡದ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವುದು ಇಮಾಮ್ ಅಬೂ ಹನೀಫಾರ ಪಂಥವನ್ನು. ಮುಸ್ಲಿಮೇತರನೊಬ್ಬ ನಿಂದಿಸಿದ ಮಾತ್ರಕ್ಕೆ ಅವನನ್ನು ಕೊಲ್ಲುವಂತಿಲ್ಲ ಎಂಬುದು ಅವರ ನಿಲುವಾಗಿತ್ತು. ಅದೇ ಪಂಥದ ನಾಡಿನಲ್ಲಿ ಒಬ್ಬ ಕ್ರೈಸ್ತ ಕೂಲಿಯವಳಿಗೆ ನೇಣು ಎಂದಾಯಿತು. ಈ ಕಾನೂನಿಗೆ ಕುರಾನಿನ ಆಧಾರವಿಲ್ಲವೆಂದು ವಾದಿಸಿದ ವಿದ್ವಾಂಸ ಜಾವೇದ್ ಅಹ್ಮದ್ ಘಾಮಿದಿ ಪ್ರಾಣಭಯದಿಂದ ದೇಶ ಬಿಡಬೇಕಾಯಿತು. ಆರೋಪ ಹೊತ್ತವರಲ್ಲಿ ಸುಮಾರು ಅರ್ಧದಷ್ಟು ಜನ ಮುಸ್ಲಿಮರೇ ಎಂಬುದನ್ನೂ ಮರೆಯಬಾರದು. ಕ್ರೈಸ್ತರು, ಅಹ್ಮದೀಯರು ತಮ್ಮ ಜನಸಂಖ್ಯೆಗೆ ಮೀರಿ ಸಿಕ್ಕಿಬಿದ್ದಿದ್ದಾರೆ, ನಿಜ. ಆದರೆ ಈ ಬಲೆ ಮೀನಿನ ಜಾತಿ ಕೇಳುವುದಿಲ್ಲ.

ಪಾಕಿಸ್ತಾನದ ಕಾನೂನು ಮುಸ್ಲಿಮರೆಂದು ಒಪ್ಪದ ಪಂಥವಾದ ಅಹ್ಮದೀಯರ ಕತೆ ಇನ್ನೂ ಬೇರೆ. ಅವರು ಯಾರನ್ನೂ ಬೈಯಬೇಕಿಲ್ಲ, ತಮ್ಮನ್ನು ಮುಸ್ಲಿಮರೆಂದು ಕರೆದುಕೊಂಡರೆ ಸಾಕು. 1984ರ 298-ಸಿ ಪ್ರಕಾರ ಅದೇ ಅಪರಾಧ. 1979ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಅಹ್ಮದೀಯ ಅಬ್ದುಸ್ ಸಲಾಮ್ ಅವರ ಗೋರಿ ರಬ್ವಾ ಪಟ್ಟಣದಲ್ಲಿದೆ. ಅವರು ಮೊದಲ ಮುಸ್ಲಿಂ ನೊಬೆಲ್ ಪುರಸ್ಕೃತರೆಂದು ಗೋರಿಯ ಕಲ್ಲಿನ ಮೇಲೆ ಬರೆಸಿದ್ದರು. ಅಧಿಕಾರಿಗಳು 'ಮುಸ್ಲಿಂ' ಎಂಬುದನ್ನು ಅಳಿಸಿಹಾಕಿದರು. ಸತ್ತವನ ನಂಬಿಕೆಯನ್ನೂ ಬಳಿದುಹಾಕುವ ಈ ಶ್ರದ್ಧೆಗೆ ತನ್ನ ಮೇಲೆಯೇ ನಂಬಿಕೆ ಸಾಲದು ಎಂದು ನನಗನ್ನಿಸುತ್ತದೆ.

ನ್ಯಾಯಾಲಯಗಳ ವಿಷಯಕ್ಕೆ ಬಂದರೆ ಒಂದೇ ಬಣ್ಣ ಬಳಿಯಲಾಗದು. 2014ರಲ್ಲಿ, ಧರ್ಮನಿಂದನೆಯ ಆರೋಪ ಹೊತ್ತ ಮುಲ್ತಾನಿನ ಉಪನ್ಯಾಸಕ ಜುನೈದ್ ಹಫೀಜ್ ಪರವಾಗಿ ವಾದಿಸುತ್ತಿದ್ದ ವಕೀಲ ರಶೀದ್ ರೆಹಮಾನ್ ಅವರಿಗೆ, ಮುಂದಿನ ವಿಚಾರಣೆಗೆ ನೀನಿರುವುದಿಲ್ಲ ಎಂದು ಎದುರುಪಕ್ಷದವರು ನ್ಯಾಯಾಧೀಶರ ಮುಂದೆಯೇ ಹೇಳಿದರು. ಮೇ 7ರಂದು ಅವರನ್ನು ಕಚೇರಿಯಲ್ಲೇ ಕೊಂದರು. 2019ರಲ್ಲಿ ಜುನೈದ್‌ಗೆ ಮರಣದಂಡನೆಯಾಯಿತು. ಅದೇ ದೇಶದ ಸುಪ್ರೀಂ ಕೋರ್ಟ್ 2015ರಲ್ಲಿ ಕಾದ್ರಿಯ ಶಿಕ್ಷೆ ಎತ್ತಿಹಿಡಿಯುತ್ತ, ಧರ್ಮನಿಂದನೆಯ ಕಾನೂನನ್ನು ಟೀಕಿಸುವುದು ಧರ್ಮನಿಂದನೆಯಲ್ಲ ಎಂದು ಸ್ಪಷ್ಟವಾಗಿ ಬರೆಯಿತು. ಇಷ್ಟು ಸರಳವಾದುದನ್ನು ಬರೆಯಲು ಅಲ್ಲಿ ಎಷ್ಟು ಎದೆಗಾರಿಕೆ ಬೇಕೆಂದು ದೂರದಲ್ಲಿ ಕುಳಿತವರಿಗೆ ಸುಲಭವಾಗಿ ತಿಳಿಯದು. ಕಾದ್ರಿಗೆ ಮೊದಲು ಶಿಕ್ಷೆ ವಿಧಿಸಿದ್ದ ಕೆಳ ನ್ಯಾಯಾಲಯದ ನ್ಯಾಯಾಧೀಶರು ದೇಶ ಬಿಟ್ಟಾಗಿತ್ತು. 2016ರ ಫೆಬ್ರವರಿ 29ರಂದು ಕಾದ್ರಿಯನ್ನು ಗಲ್ಲಿಗೇರಿಸಿದರು. ಇಸ್ಲಾಮಾಬಾದಿನ ಅಂಚಿನ ಬಾರಾ ಕಹೂದಲ್ಲಿ ಅವನ ಗೋರಿ ಈಗ ದರ್ಗಾ ಆಗಿದೆ. ಹರಕೆ ಹೊತ್ತು ಜನ ಬರುತ್ತಾರೆ.

ಆಸಿಯಾಳ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಲು 2018 ಬಂತು. ನ್ಯಾಯಮೂರ್ತಿಗಳು ಸಾಕ್ಷ್ಯವನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಆಕೆ ತಪ್ಪೊಪ್ಪಿಕೊಂಡಳೆನ್ನಲಾದ ಸಭೆ ಯಾರ ಮನೆಯಲ್ಲಿ ನಡೆಯಿತೆಂಬುದರಲ್ಲೇ ಸಾಕ್ಷಿಗಳಿಗೆ ಒಮ್ಮತವಿರಲಿಲ್ಲ. ಸೇರಿದ್ದ ಜನರ ಲೆಕ್ಕ ನೂರರಿಂದ ಎರಡು ಸಾವಿರದವರೆಗೆ ಹಿಗ್ಗಿತು. ಹೇಳಿದ ಮನೆಯೋ ಬರೀ ಐದು ಮರ್ಲಾ, ನಮ್ಮ ಲೆಕ್ಕದಲ್ಲಿ ಒಂದು ಮೂವತ್ತು-ನಲವತ್ತರ ಸೈಟಿಗೆ ತುಸು ಹೆಚ್ಚು. ಅಕ್ಟೋಬರ್ 31ರಂದು ಬಿಡುಗಡೆಯ ತೀರ್ಪು ಬಂತು. ರಾಜ್‌ಪಾಲ್‌ನನ್ನು ಇರಿದು ಕೊಂದ ಇಲ್ಮುದ್ದೀನ್ ನೇಣಿಗೇರಿದ್ದೂ 1929ರ ಅಕ್ಟೋಬರ್ 31ರಂದೇ. ಅವನ ಮೇಲ್ಮನವಿಯಲ್ಲಿ ವಾದಿಸಿದ ವಕೀಲರು ಇದೇ ಜಿನ್ನಾ; ಅವನ ಶವಯಾತ್ರೆಗೆ ಮಂಚ ಒದಗಿಸಿದವರು ಸಲ್ಮಾನ್ ತಾಸೀರರ ತಂದೆ, ಉರ್ದು ಕವಿ ಎಂ.ಡಿ. ತಾಸೀರ್ ಎಂದು ಹೇಳುತ್ತಾರೆ. ಚರಿತ್ರೆಗೆ ಇಂಥ ಕುಚೋದ್ಯಗಳಿರುತ್ತವೆ.

ತೀರ್ಪು ಬಂದ ಮೇಲೆ ಮೂರು ದಿನ ರಸ್ತೆಗಳು ಬಂದಾದವು. ಆಸಿಯಾ ತಿಂಗಳುಗಟ್ಟಲೆ ಗುಪ್ತಸ್ಥಳದಲ್ಲಿದ್ದು 2019ರ ಮೇ ತಿಂಗಳಲ್ಲಿ ಕೆನಡಾ ಸೇರಿದಳು. ನಿರಪರಾಧಿಯೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೂ ಆಕೆಗೆ ತನ್ನೂರಿನಲ್ಲಿ ಜಾಗವಿರಲಿಲ್ಲ.

ಇದೆಲ್ಲ ಗಡಿಯಾಚೆಯ ಸಂಗತಿ ಎಂದು ನಿರಾಳವಾಗಿ ಕೂರಲು ನನ್ನಿಂದಾಗದು. 295-ಎ ನಮಗೂ ಬಂದ ಪಿತ್ರಾರ್ಜಿತ. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಎಂಬ ಸಂಖ್ಯೆ ಹೊತ್ತಿದೆ. 2013ರಲ್ಲಿ 'ಢುಂಢಿ' ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಬಂಧನವಾದದ್ದು ನಮ್ಮ ಬೆಂಗಳೂರಿನಲ್ಲೇ. ಹಾಗೆಂದು ಎರಡನ್ನೂ ಸಮ ಎನ್ನುವುದು ಸುಳ್ಳಾಗುತ್ತದೆ. ನಮ್ಮಲ್ಲಿ ಗರಿಷ್ಠ ಮೂರು ವರ್ಷ. ದುರುದ್ದೇಶವನ್ನು ಸಾಬೀತು ಮಾಡಬೇಕೆಂಬ ಬೇಲಿ ಇನ್ನೂ ನಿಂತಿದೆ. ಅದು ಯಾಕಿದೆಯೆಂದು ಅರಿಯಬೇಕಾದರೆ, ಅದು ಇಲ್ಲವಾದ ಕಡೆ ಏನಾಯಿತೆಂದು ನೋಡಬೇಕು.

2010ರಲ್ಲಿ ಪಾಕಿಸ್ತಾನದ ಸಂಸದೆ ಶೆರ್ರಿ ರೆಹಮಾನ್ ಅಲ್ಲಿನ ಈ ಕಲಮುಗಳನ್ನು ತಿದ್ದುವ ಮಸೂದೆ ತಂದರು. ತಾಸೀರ್ ಕೊಲೆಯಾದ ಮರುತಿಂಗಳೇ ಅವರ ಪಕ್ಷ ಅದರಿಂದ ಹಿಂದೆ ಸರಿಯಿತು. ಪಾಕಿಸ್ತಾನದ ರಾಷ್ಟ್ರೀಯ ಸಭೆ 2023ರ ಜನವರಿಯಲ್ಲಿ ಈ ಅಧ್ಯಾಯವನ್ನು ಮತ್ತೆ ಕೈಗೆತ್ತಿಕೊಂಡಿತು. ಆಗ ಅಂಗೀಕರಿಸಿದ್ದು, ಪ್ರವಾದಿಯ ಕುಟುಂಬ ಮತ್ತು ಸಂಗಡಿಗರನ್ನು ನಿಂದಿಸಿದವರಿಗೆ ಇದ್ದ ಗರಿಷ್ಠ ಮೂರು ವರ್ಷದ ಸಜೆಯನ್ನು ಕನಿಷ್ಠ ಹತ್ತು ವರ್ಷಕ್ಕೆ ಏರಿಸುವ ಮಸೂದೆಯನ್ನು.