ಯಂತ್ರವು ಕೊಟ್ಟ ಮಾತು

ಯಂತ್ರವು ಮಾತು ಕೊಟ್ಟರೆ ಆ ಮಾತಿಗೆ ಹೊಣೆ ಯಾರು? ಈ ಪ್ರಶ್ನೆಯು ತರ್ಕಪಾಠದಲ್ಲಿ ಹುಟ್ಟಿದುದಲ್ಲ; ನನ್ನ ಮನೆಯ ಜಗಲಿಯಲ್ಲಿ ಹುಟ್ಟಿತು. ನನ್ನ ಹಳೆಯ ಶಿಷ್ಯನೊಬ್ಬನು ಪೀಣ್ಯದಲ್ಲಿ ಲೇತುಗಳನ್ನಿಟ್ಟುಕೊಂಡು ಮೋಟಾರು ವಾಹನಗಳ ಬಿಡಿಭಾಗಗಳನ್ನು ಮಾಡಿಕೊಡುತ್ತಾನೆ. ಅವನಿಗೆ ಬರುವ ಆರ್ಡರುಗಳು ಕಾಗದದ ಮೇಲೆ ಬರುವುದಿಲ್ಲ. ಕೊಳ್ಳುವ ಕಾರ್ಖಾನೆಯ ಕಂಪ್ಯೂಟರು ಇವನ ಕಂಪ್ಯೂಟರಿಗೆ ನೇರವಾಗಿ ತಿಳಿಸುತ್ತದೆ. ಮುಂದಿನ ಮೂರು ತಿಂಗಳಿಗೆ ಇಷ್ಟು ಬೇಕಾದೀತೆಂಬ ಅಂದಾಜು ಬಂದಿತು. ಇವನು ಸಾಲಮಾಡಿ ಉಕ್ಕನ್ನು ಕೊಂಡನು. ಒಂದು ಬೆಳಗ್ಗೆ ನೋಡಿದರೆ ಅಂಕಿಯು ಅರ್ಧಕ್ಕಿಳಿದಿತ್ತು. “ಯಾರನ್ನು ಕೇಳಲಿ, ಮೇಷ್ಟ್ರೇ? ಇಳಿಸಿದವರು ಯಾರೂ ಇಲ್ಲವಂತೆ, ತಾನಾಗಿಯೇ ಇಳಿಯಿತಂತೆ” ಎಂದನು.

ಈ ಪದ್ಧತಿಯ ಬೀಜವು ಬಿದ್ದುದು ಅಂಗಡಿಯಲ್ಲಲ್ಲ. 1948ರಲ್ಲಿ ಪಶ್ಚಿಮ ಬರ್ಲಿನ್ನಿಗೆ ನೆಲದ ದಾರಿಗಳು ಮುಚ್ಚಿದಾಗ ಆಹಾರವನ್ನೂ ಕಲ್ಲಿದ್ದಲನ್ನೂ ವಿಮಾನಗಳಲ್ಲಿ ಒಯ್ಯಬೇಕಾಯಿತು. ನಾನಾ ನಮೂನೆಯ ಪಟ್ಟಿಗಳ ಗೊಂದಲವನ್ನು ಕಂಡು, ಎಡ್ವರ್ಡ್ ಗಿಲ್ಬರ್ಟ್ ಎಂಬ ಅಮೆರಿಕದ ಸೈನಿಕನು ಟೆಲೆಕ್ಸಿನಲ್ಲಿ ಕಳುಹಬಹುದಾದ ಒಂದೇ ಬಗೆಯ ಸರಕುಪಟ್ಟಿಯನ್ನು ರೂಪಿಸಿದನು. ಮುಂದೆ 1979ರಲ್ಲಿ ಅಮೆರಿಕದಲ್ಲಿ ಎಕ್ಸ್ 12 ಎಂಬ ಸಮಿತಿಯೂ, 1987ರಲ್ಲಿ ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ನಿಯಮಾವಳಿಯೂ ಬಂದುವು.

ಎಕ್ಸ್ 12ರ ನಿಯಮಗಳಲ್ಲಿ ನನ್ನಂಥ ವೈಯಾಕರಣನು ಮೆಚ್ಚತಕ್ಕದ್ದೊಂದುಂಟು. ಅಲ್ಲಿ 997 ಎಂಬ ಮರುಸಂದೇಶಕ್ಕೆ ‘ತಲಪಿತು, ರೂಪದಲ್ಲಿ ದೋಷವಿಲ್ಲ’ ಎಂದಷ್ಟೇ ಅರ್ಥ. ‘ಒಪ್ಪಿದೆ’ ಎನ್ನುವುದಕ್ಕೆ 855 ಎಂಬುದೇ ಬೇರೆ. ಹಾಗೆಯೇ ಅಂದಾಜಿಗೆ 830, ಆರ್ಡರಿಗೆ 850. ಮನುಷ್ಯರ ಮಾತಿನಲ್ಲಿ ಇಷ್ಟು ಶುದ್ಧಿಯೆಲ್ಲಿ? ಇದಲ್ಲದೆ, ಯಂತ್ರವು ಮಾಮೂಲು ಕೇಳುವುದಿಲ್ಲ, ಜಾತಿ ನೋಡುವುದಿಲ್ಲ ಎಂಬುದನ್ನು ಶಿಷ್ಯನೂ ಒಪ್ಪುತ್ತಾನೆ.

ಹಾಗಾದರೆ ಅಂದಾಜನ್ನು ನಂಬಿದ್ದು ಇವನದೇ ತಪ್ಪೇ? ಹಾಗೆನ್ನಲು ನನ್ನ ಮನಸ್ಸೊಪ್ಪದು. ಆರ್ಡರು ಬಂದ ನಾಲ್ಕು ದಿನದಲ್ಲಿ ಮಾಲು ತಲಪಬೇಕೆಂಬುದು ಆ ಕಾರ್ಖಾನೆಯದೇ ಕಟ್ಟಳೆ. ಮೊದಲೇ ಉಕ್ಕನ್ನು ಕೊಳ್ಳದೆ ಅದು ನಡೆಯದೆಂಬುದು ಅದಕ್ಕೂ ಗೊತ್ತು. ಗೊತ್ತಿದ್ದು ಹೇಳಿದ ಅಂದಾಜು ಬರಿಯ ಅಂದಾಜಲ್ಲ.

ತಾನಾಗಿ ಇಳಿಯಿತೆಂಬ ಮಾತಂತೂ ನಿಲ್ಲದು. ಕೊಡಲಿಯು ಕಡಿಯಿತೆಂದರೂ ಅದು ಕರಣವೇ ಹೊರತು ಕರ್ತೃವಲ್ಲವೆಂದು ಪಾಠಶಾಲೆಯ ಹುಡುಗನೂ ಬಲ್ಲನು. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 11ನೆಯ ಪ್ರಕರಣವೂ, ತಾನಾಗಿ ನಡೆಯುವಂತೆ ಏರ್ಪಡಿಸಿದ ವ್ಯವಸ್ಥೆಯು ಕಳುಹಿದ ದಾಖಲೆಯು ಏರ್ಪಡಿಸಿದವನದೇ ಎನ್ನುತ್ತದೆ.

ಅಂದಾಜಿಗಾಗಿ ಕೊಂಡ ಉಕ್ಕಿನ ನಷ್ಟವು ಯಾರದೆಂಬ ಒಂದು ವಾಕ್ಯವನ್ನು ಮುಂದಿನ ಕರಾರಿನಲ್ಲಿ ಸೇರಿಸಬೇಕೆಂದು ಶಿಷ್ಯನು ಬರೆದು ಕೇಳಿದ್ದಾನೆ. ಪತ್ರವು ತಲಪಿತೆಂದು ಉತ್ತರ ಬಂದಿದೆ.